ಬೆಳಕಿಗೆ ಕಾಣುವುದು ಬಣ್ಣ ಮಾತ್ರ



ಬೇಡದ ಕೂದಲನ್ನು ಯಂತ್ರದಿಂದ ತೆಗೆಸಿಕೊಳ್ಳುವ ಆಸೆ ಲೇಸರ್‌ಗಿಂತ ಹಳೆಯದು. ಕ್ಷಕಿರಣ ಪತ್ತೆಯಾದ ಮರುವರ್ಷವೇ, 1896ರಲ್ಲಿ, ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಫ್ರಾಯಿಂಡ್ ಪುಟ್ಟ ಹುಡುಗಿಯೊಬ್ಬಳ ಬೆನ್ನಿನ ಮೇಲಿದ್ದ ಕೂದಲು ತುಂಬಿದ ಮಚ್ಚೆಗೆ ಆ ಕಿರಣ ಹಾಯಿಸಿದರು. ಕೂದಲೇನೋ ಉದುರಿತು, ಜೊತೆಗೆ ಬೆನ್ನೂ ಹುಣ್ಣಾಯಿತು. 1920ರ ದಶಕದಲ್ಲಿ ಅಮೆರಿಕದ ಆಲ್ಬರ್ಟ್ ಗೈಸರ್ ಎಂಬ ವೈದ್ಯರ ‘ಟ್ರೈಕೊ’ ಯಂತ್ರ ಬ್ಯೂಟಿ ಪಾರ್ಲರುಗಳಿಗೆ ಬಂತು. ಅದೂ ಕ್ಷಕಿರಣದ್ದೇ. ನೋವಿಲ್ಲ, ಅಪಾಯವಿಲ್ಲ ಎಂಬ ಜಾಹೀರಾತು ನಂಬಿ ಸಾವಿರಾರು ಹೆಂಗಸರು ಅದರ ಮುಂದೆ ಗಲ್ಲ ಒಡ್ಡಿದರು. ವರ್ಷಗಳು ಕಳೆದ ಮೇಲೆ ಹಲವರ ಚರ್ಮ ಸುಕ್ಕುಗಟ್ಟಿ ಹುಣ್ಣಾಯಿತು, ಕೆಲವರಿಗೆ ಕ್ಯಾನ್ಸರ್ ಬಂತು.

ಲೇಸರ್ ಆ ಜಾತಿಯದಲ್ಲ. ಜೀವಕೋಶದ ವಂಶವಾಹಿಯನ್ನು ಸೀಳುವ ಶಕ್ತಿ ಅದರ ಬೆಳಕಿಗಿಲ್ಲ. ಆದರೂ ಗೈಸರ್ ಕಾಲದ ಒಂದು ಚಾಳಿ ಇನ್ನೂ ಬಿಟ್ಟಿಲ್ಲ: ಬಂದವರಿಗೆಲ್ಲ ಯಂತ್ರ ಹಿಡಿಯುವುದು. ಚರ್ಮವೈದ್ಯರೂ ಸೌಂದರ್ಯ ವೃತ್ತಿಯವರೂ ಸೇರಿರುವ ಈ ಸಂಕಿರಣ ಮುಖ್ಯವಾಗಿ ಚರ್ಚಿಸಬೇಕಾದದ್ದು ಇದನ್ನೇ. ಯಾರಿಗೆ ಲೇಸರ್ ಬೇಡ ಎಂದು ಹೇಳಬಲ್ಲವರು ಮಾತ್ರ ಯಾರಿಗೆ ಬೇಕು ಎಂದು ಹೇಳಲು ಅರ್ಹರು.

ಥಿಯೋಡೋರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಬೆಳಗಿಸಿದಾಗ ಅದು ಕೂದಲಿಗೆ ಬಂದೀತೆಂದು ಯಾರೂ ಎಣಿಸಿರಲಿಲ್ಲ. ದಾರಿ ತೆರೆದದ್ದು 1983ರಲ್ಲಿ. ಹಾರ್ವರ್ಡ್‌ನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ತತ್ವ ಮಂಡಿಸಿದರು. ಬೆಳಕಿನ ಬಣ್ಣವನ್ನೂ ಅದು ಬೀಳುವ ಅವಧಿಯನ್ನೂ ಸರಿಯಾಗಿ ಆರಿಸಿದರೆ ಚರ್ಮದೊಳಗಿನ ಬೇಕಾದ ಗುರಿಯನ್ನಷ್ಟೇ ಕಾಯಿಸಬಹುದು, ಸುತ್ತಲಿನದನ್ನು ಉಳಿಸಬಹುದು ಎಂಬುದು ಅದರ ಸಾರ. ಬಿಸಿಲಲ್ಲಿ ಡಾಂಬರು ರಸ್ತೆ ಕಾಲು ಸುಡುತ್ತದೆ, ಪಕ್ಕದ ಸುಣ್ಣದ ಗೋಡೆ ಅಷ್ಟು ಸುಡುವುದಿಲ್ಲ. ಕೂದಲಿನಲ್ಲಿ ಆ ಡಾಂಬರಿನ ಕೆಲಸ ಮಾಡುವುದು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ.

ಆದರೆ ಕೂದಲನ್ನು ಮತ್ತೆ ಹುಟ್ಟಿಸುವ ಮೂಲಕೋಶಗಳಲ್ಲಿ ಅಂಥ ಬಣ್ಣವಿಲ್ಲ. ಅವು ಕೂದಲಿನ ಎಳೆಯಿಂದ ತುಸು ಆಚೆ, ರೋಮಕೂಪದ ಗೋಡೆಯಲ್ಲಿವೆ. ಎಳೆ ಕಾದು, ಆ ಕಾವು ಅಲ್ಲಿಯವರೆಗೆ ಹರಿಯಬೇಕು. ಹಾಗಾಗಿ ಬೆಳಕು ತೀರಾ ಕಡಿಮೆ ಹೊತ್ತು ಬಿದ್ದರೆ ಸಾಲದು, ಹೆಚ್ಚು ಹೊತ್ತು ಬಿದ್ದರೆ ಅಕ್ಕಪಕ್ಕದ ಚರ್ಮವೂ ಬೇಯುತ್ತದೆ. ಸರಿಯಾಗಿ ತಗಲಿದ್ದರೆ ಕೆಲವೇ ನಿಮಿಷಗಳಲ್ಲಿ ಪ್ರತಿ ಕೂದಲಿನ ಬುಡದ ಸುತ್ತ ಕೆಂಪಗೆ ಸಣ್ಣಗೆ ಉಬ್ಬುತ್ತದೆ. ಅನುಭವಿ ಕೈಗಳು ಯಂತ್ರದ ಪರದೆಗಿಂತ ಹೆಚ್ಚಾಗಿ ನಂಬುವುದು ಈ ಗುರುತನ್ನು.

ಒಂದೇ ಸಲಕ್ಕೆ ಕೆಲಸ ಏಕೆ ಮುಗಿಯುವುದಿಲ್ಲ ಎಂಬ ಪ್ರಶ್ನೆ ಬರದ ದಿನವಿಲ್ಲ. ಕೂದಲು ಬೆಳೆಯುತ್ತದೆ, ಕುಗ್ಗುತ್ತದೆ, ವಿಶ್ರಮಿಸುತ್ತದೆ, ಉದುರುತ್ತದೆ. ಲೇಸರ್ ಚೆನ್ನಾಗಿ ತಾಗುವುದು ಬೆಳೆಯುವ ಹಂತದಲ್ಲಿರುವವಕ್ಕೆ. ಯಾವ ಹೊತ್ತಿನಲ್ಲೂ ಎಲ್ಲವೂ ಆ ಹಂತದಲ್ಲಿರುವುದಿಲ್ಲ. ಆದ್ದರಿಂದ ಮುಖಕ್ಕೆ ಸುಮಾರು 4ರಿಂದ 6 ವಾರ, ಕೈಕಾಲಿಗೆ ಇನ್ನೂ ಹೆಚ್ಚು ಅಂತರ ಬಿಟ್ಟು, ಸಾಮಾನ್ಯವಾಗಿ 6ರಿಂದ 8 ಸಿಟ್ಟಿಂಗ್. ಬರುವ ಮುನ್ನ ಶೇವ್ ಮಾಡಿಕೊಳ್ಳಬಹುದು. ವ್ಯಾಕ್ಸಿಂಗ್, ಥ್ರೆಡಿಂಗ್ ಕೂಡದು. ಬುಡಸಮೇತ ಕಿತ್ತು ಬಂದರೆ ಬೆಳಕು ಯಾವುದನ್ನು ಕಾಯಿಸಬೇಕು? ಇಷ್ಟೆಲ್ಲ ಆದ ಮೇಲೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂದಲಿನ ಸಂಖ್ಯೆ ದೀರ್ಘಕಾಲ ಕಡಿಮೆಯಾಗುತ್ತದೆ ಎಂದು ಹೇಳಿಕೊಳ್ಳಲು ಒಪ್ಪಿದೆಯೇ ಹೊರತು, ಇದ್ದದ್ದೆಲ್ಲ ಹೋಗುತ್ತದೆ ಎಂದು ಹೇಳಲು ಒಪ್ಪಿಲ್ಲ. ನಮ್ಮ ಊರುಗಳ ಫ್ಲೆಕ್ಸ್ ಬೋರ್ಡುಗಳಿಗೆ ಈ ವ್ಯತ್ಯಾಸ ಇನ್ನೂ ತಿಳಿದಂತಿಲ್ಲ.

ನಮ್ಮ ಚರ್ಮದ ಪ್ರಶ್ನೆ ಬೇರೆಯೇ ಇದೆ. ಬೆಳಕಿಗೆ ಕೂದಲು ಯಾವುದು, ಚರ್ಮ ಯಾವುದು ಎಂದು ಗೊತ್ತಾಗದು. ಅದಕ್ಕೆ ಕಾಣುವುದು ಬಣ್ಣ ಮಾತ್ರ. 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಚರ್ಮವನ್ನು ಬಿಸಿಲಿಗೆ ಅದು ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ವಿಂಗಡಿಸಿದ ಕ್ರಮ ಮುಂದೆ ಆರು ಬಗೆಯದಾಯಿತು. ಭಾರತೀಯರಲ್ಲಿ ಬಹುಪಾಲು ನಾಲ್ಕನೆಯ, ಐದನೆಯ ಬಗೆಯವರು. ಮೊದಲು ಬಂದ 694 ನ್ಯಾನೋಮೀಟರ್ ತರಂಗಾಂತರದ ರೂಬಿ ಲೇಸರ್ ಬಿಳಿ ಚರ್ಮ, ಕಪ್ಪು ಕೂದಲಿನವರಿಗೆ ಹೊಂದಿತು. ನಮ್ಮಂಥವರ ಮೇಲೆ ಅದನ್ನು ಹಾಯಿಸಿದರೆ ಮೇಲ್ಚರ್ಮವೇ ಬೆಳಕನ್ನು ಹೀರಿ ಸುಡುತ್ತದೆ. ತರಂಗಾಂತರ ಹೆಚ್ಚಿದಂತೆ ಮೆಲನಿನ್ ಹೀರುವುದು ಕಡಿಮೆಯಾಗುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಅದಕ್ಕಾಗಿಯೇ 755ರ ಅಲೆಕ್ಸಾಂಡ್ರೈಟ್‌ಗಿಂತ 800ರ ಆಸುಪಾಸಿನ ಡಯೋಡ್ ಮತ್ತು 1064ರ ಎನ್‌ಡಿ ಯಾಗ್ ಇಲ್ಲಿ ಹೆಚ್ಚು ಸುರಕ್ಷಿತ. ಜೊತೆಗೆ ಚರ್ಮವನ್ನು ತಣ್ಣಗಿಡುವ ವ್ಯವಸ್ಥೆ ಬೇಕೇ ಬೇಕು. ಕೆಲವೆಡೆ ಲೇಸರ್ ಎಂದು ಹೇಳಿ ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಹಾಯಿಸುತ್ತಾರೆ. ಅದು ಹಲವು ತರಂಗಾಂತರಗಳು ಬೆರೆತ ಬೆಳಕು, ಲೇಸರ್ ಅಲ್ಲ. ಗಾಢ ಬಣ್ಣದ ಚರ್ಮದಲ್ಲಿ ಕಲೆ ಬೀಳುವ ಭಯವೂ ಹೆಚ್ಚು.

ಹಾಗಿದ್ದರೆ ಹೊಂದುವುದು ಯಾರಿಗೆ? ದಪ್ಪ, ಕಪ್ಪು ಕೂದಲಿನವರಿಗೆ. ಗಡ್ಡ ಬೋಳಿಸಿದರೆ ಕೂದಲು ಒಳಕ್ಕೆ ತಿರುಗಿ ಗುಳ್ಳೆಯೇಳುವ ಗಂಡಸರಿಗೆ. ಬೆನ್ನಿನ ಕೆಳತುದಿಯಲ್ಲಿ ಕೂದಲು ಹೊಕ್ಕು ಕೀವಾಗುವ ಪೈಲೋನೈಡಲ್ ಸೈನಸ್‌ನವರಿಗೆ. ಗಡ್ಡದಿಂದ ಬಿಡುಗಡೆ ಬಯಸುವ ಟ್ರಾನ್ಸ್ ಮಹಿಳೆಯರಿಗೆ ಇದು ಅಲಂಕಾರಕ್ಕಿಂತ ದೊಡ್ಡ ವಿಷಯ. ಬಿಳಿ ಕೂದಲಿಗೆ ಲೇಸರ್ ನಾಟುವುದಿಲ್ಲ. ಬಣ್ಣ ಹಚ್ಚಿಕೊಂಡು ಬಂದರೂ ಅಷ್ಟೇ. ಹೇರ್ ಡೈ ಬುಡದವರೆಗೆ ಇಳಿಯುವುದಿಲ್ಲವಲ್ಲ. ಅಂಥವರಿಗೆ ಇಂದಿಗೂ ಸೂಜಿಯ ಮೂಲಕ ಕೂದಲ ಬುಡಕ್ಕೆ ವಿದ್ಯುತ್ ಹರಿಸುವ ಎಲೆಕ್ಟ್ರಾಲಿಸಿಸ್ಸೇ ಗತಿ. ಸೇಂಟ್ ಲೂಯಿಯ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ ಒಳಕ್ಕೆ ತಿರುಗಿದ ರೆಪ್ಪೆಗೂದಲಿಗೆಂದು 1875ರಲ್ಲಿ ವರದಿ ಮಾಡಿದ ವಿಧಾನವದು. ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯ ಹೆಂಗಸರ ಗಲ್ಲದ ಮೇಲೆ, ಮುಂಗೈಯಲ್ಲಿ ಹಚ್ಚೆಯಿರುತ್ತದೆ. ಆ ಕಪ್ಪನ್ನೂ ಬೆಳಕು ಕೂದಲೆಂದೇ ಎಣಿಸಿ ಸುಡುತ್ತದೆ. ಅದರ ಮೇಲೆ ಲೇಸರ್ ಹಾಯಿಸಲೇಬಾರದು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಗಲ್ಲ, ಕೆನ್ನೆಯ ಕೂದಲಿಗೆಂದು ಬರುವ ಯುವತಿಯರ ವಿಷಯದಲ್ಲಿ. ಅಮ್ಮ ಕಸ್ತೂರಿ ಅರಿಶಿನ ಹಚ್ಚಿ ನೋಡಿರುತ್ತಾಳೆ, ಪಾರ್ಲರಿನಲ್ಲಿ ದಾರ ಎಳೆಸಿ ಆಗಿರುತ್ತದೆ. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಯಾರೂ ಕೇಳಿರುವುದಿಲ್ಲ. ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇದ್ದರೆ ಪುರುಷ ಹಾರ್ಮೋನು ಹೊಸ ಹೊಸ ಕೂದಲನ್ನು ದಪ್ಪಗಾಗಿಸುತ್ತಲೇ ಇರುತ್ತದೆ. ಮೂಲಕ್ಕೆ ಔಷಧಿ ಕೊಡದೆ ಲೇಸರ್ ಹಾಯಿಸುತ್ತ ಹೋದರೆ ಸಿಟ್ಟಿಂಗ್ ಮುಗಿಯುವುದೂ ಇಲ್ಲ, ಬಿಲ್ಲು ನಿಲ್ಲುವುದೂ ಇಲ್ಲ. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ, ಧ್ವನಿಯೂ ಗಡಸಾದರೆ ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆಯನ್ನು ಹುಡುಕಬೇಕು. ಅಲ್ಲಿ ಲೇಸರ್ ರೋಗದ ಸೂಚನೆಯನ್ನೇ ಅಳಿಸಿಹಾಕುತ್ತದೆ. ಇನ್ನೊಂದು ವಿಚಿತ್ರವೂ ಉಂಟು. 2002ರಲ್ಲಿ ಸ್ಪೇನಿನ ವೈದ್ಯರು ಐಪಿಎಲ್ ನಂತರ ಕೂದಲು ಹೆಚ್ಚಾದ ಮಹಿಳೆಯರ ಬಗ್ಗೆ ಬರೆದರು. ಲೇಸರ್‌ನಿಂದಲೂ ಹೀಗಾಗುತ್ತದೆ. ಮುಖ ಮತ್ತು ಕತ್ತಿನಲ್ಲಿ, ನಮ್ಮಂಥ ಚರ್ಮದವರಲ್ಲಿ, ನಯವಾದ ಕೂದಲಿರುವ ಕಡೆ ಈ ಉಲ್ಟಾ ಪರಿಣಾಮ ಹೆಚ್ಚಾಗಿ ಕಾಣುತ್ತದೆ. ಸಮ್ಮತಿಪತ್ರದಲ್ಲಿ ಇದನ್ನು ಕನ್ನಡದಲ್ಲೇ ಬರೆದಿರಬೇಕು.

ಅವಘಡಗಳು ಅಪರೂಪ, ಆದರೆ ಸಣ್ಣವಲ್ಲ. ಅಮೆರಿಕದಲ್ಲಿ 22 ಮತ್ತು 25ರ ಇಬ್ಬರು ಯುವತಿಯರು ಲೇಸರ್‌ಗೆ ಮುನ್ನ ಕಾಲಿಗೆಲ್ಲ ಮರಗಟ್ಟಿಸುವ ಕ್ರೀಮು ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಔಷಧ ರಕ್ತಕ್ಕಿಳಿದು ಇಬ್ಬರೂ ಸತ್ತರು. 2007ರಲ್ಲಿ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹುಬ್ಬಿನ ವಿಷಯವೂ ಅಷ್ಟೇ ಗಂಭೀರ. ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ಹೊರಳುತ್ತದೆ, ಅದರ ಕಪ್ಪು ಭಾಗ ಹುಬ್ಬಿನ ಕಡೆಗೇ ಬರುತ್ತದೆ. ಕಣ್ಣಿನ ಗುಳಿಯ ಮೂಳೆಯಂಚಿನಿಂದ ಒಳಕ್ಕೆ ಲೇಸರ್ ಹಿಡಿಯಬಾರದೆಂಬ ನಿಯಮ ಅದಕ್ಕೇ ಇದೆ.

ಭಾರತೀಯ ಚರ್ಮವೈದ್ಯರ ಸಂಘ ಐಎಡಿವಿಎಲ್ 2008ರಲ್ಲೇ ಈ ಚಿಕಿತ್ಸೆಗೆ ಮಾರ್ಗಸೂಚಿ ಪ್ರಕಟಿಸಿದೆ. ಓದಿದವರಿಗಿಂತ ಯಂತ್ರ ಕೊಂಡವರೇ ಹೆಚ್ಚೇನೋ. ಈ ಸಂಕಿರಣದ ಗೋಷ್ಠಿಗಳು ಮುಗಿಯುವ ಹೊತ್ತಿಗೆ ಒಂದು ಪುಟದ ಕನ್ನಡ ಪ್ರಶ್ನಾವಳಿ ಸಿದ್ಧವಾಗಲಿ: ಮುಟ್ಟಿನ ವಿವರ, ಸೇವಿಸುತ್ತಿರುವ ಔಷಧಿ, ಇತ್ತೀಚಿನ ಬಿಸಿಲು, ಹಚ್ಚೆ, ಗರ್ಭ, ಹಿಂದೆ ಬಿದ್ದ ಸುಟ್ಟ ಕಲೆ. ಅದು ತುಂಬದ ಹೊರತು ಯಂತ್ರದ ಸ್ವಿಚ್ ಒತ್ತುವುದಿಲ್ಲ ಎಂಬ ನಿರ್ಣಯವನ್ನು ಇಲ್ಲಿ ನೆರೆದಿರುವ ವೈದ್ಯರೂ ಪಾರ್ಲರ್ ನಡೆಸುವವರೂ ಒಟ್ಟಾಗಿ ಕೈಗೊಳ್ಳಬೇಕೆಂದು ಈ ಸಭೆಯಲ್ಲಿ ಕೋರಿಕೆ.