ಮದಕದ ನೀರು ಮತ್ತು ಮಕ್ಕಳ ಈಜು
(ರಜತ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ನಾವು ಸಾಲ, ಗೊಬ್ಬರ, ಅಡಿಕೆ ಎಂದು ಮಾತಾಡಿದ್ದೇವೆ. ಇವತ್ತು ಸ್ವಲ್ಪ ನೀರಿನ ಮಾತು. ಗುಡ್ಡದ ಬುಡದ ಮದಕದ ಹೂಳೆತ್ತಿ, ಸುತ್ತ ಉದ್ಯಾನ ಮಾಡಿ, ದೋಣಿ ಬಿಡೋಣ ಎನ್ನುತ್ತಾರೆ ನಮ್ಮ ಯುವಕರು. "ತೋಟಕ್ಕೇ ನೀರಿಲ್ಲ, ದೋಣಿ ಯಾಕೆ ಮಾರಾಯ್ರೇ?" ಎನ್ನುತ್ತಾರೆ ಹಿರಿಯರು. ಇಬ್ಬರ ಮಾತಿನಲ್ಲೂ ಹುರುಳಿದೆ.

ಮೂರು ಕಡೆ ಗುಡ್ಡ, ತಗ್ಗಿನ ಕಡೆಗೊಂದು ಏರಿ, ಇದೇ ಮದಕ. ಮಳೆಗಾಲದಲ್ಲಿ ತುಂಬಿದ ನೀರು ನಿಧಾನವಾಗಿ ನೆಲಕ್ಕಿಳಿದು ಕೆಳಗಿನ ಬಾವಿ, ತೋಟಗಳಿಗೆ ಒರತೆಯಾಗಿ ಬರುತ್ತದೆ. ಪುತ್ತೂರು, ಸುಳ್ಯ, ಕಡಬದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿದು ಕುಮಾರಧಾರಾ, ನೇತ್ರಾವತಿ ಸೇರಿ ಕಡಲಿಗೆ ಹೋಗುತ್ತದೆ. ಮಾರ್ಚಿಗೆ ತೋಡು ಒಣಗುತ್ತದೆ. ಕೊಳವೆಬಾವಿ ಬಂದ ಮೇಲೆ ಮದಕವನ್ನು ಮರೆತೆವು, ಹೂಳು ತುಂಬಿತು.

ಮೈಸೂರಿನ ಕಾರಂಜಿ ಕೆರೆಯನ್ನು ನೋಡಿದವರು ನಮ್ಮಲ್ಲಿದ್ದಾರೆ. ಚಾಮುಂಡಿ ಬೆಟ್ಟದ ಬುಡದಲ್ಲಿ ಅರಸರ ಕಾಲದಲ್ಲಿ ಕಟ್ಟಿಸಿದ ಕೆರೆ ಅದು. ಒಟ್ಟು ಸುಮಾರು 90 ಹೆಕ್ಟೇರಿನಲ್ಲಿ ನೀರು ನಿಲ್ಲುವುದು ಸುಮಾರು 55 ಹೆಕ್ಟೇರ್. ಚರಂಡಿ ನೀರು ಸೇರಿ ಕೆಟ್ಟಿದ್ದ ಕೆರೆಯನ್ನು ದುರಸ್ತಿ ಮಾಡಿದರು. ಆಮೇಲೆ ದೋಣಿವಿಹಾರ, ಹಕ್ಕಿಗಳ ಮನೆ, ಚಿಟ್ಟೆಗಳ ಉದ್ಯಾನ ಬಂದವು. ಮೊದಲು ಕೆರೆ, ನಂತರ ವಿಹಾರ. ನಮ್ಮ ಮದಕ ಚಿಕ್ಕದು, ಆದರೆ ಕ್ರಮ ಅದೇ ಆಗಬೇಕು.

ಇನ್ನೊಂದು ಮಾತು. ಹಿಂದೆ ಮಕ್ಕಳು ಎರಡು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು ಕೆರೆಯಲ್ಲಿ, ಕಟ್ಟದಲ್ಲಿ ಈಜು ಕಲಿಯುತ್ತಿದ್ದರು. ದೊಡ್ಡವರು ದಡದಲ್ಲಿರುತ್ತಿದ್ದರು. ಇಂದು ಎಷ್ಟೋ ಮಕ್ಕಳಿಗೆ ಈಜು ಬಾರದು, ಆದರೂ ರಜೆಯಲ್ಲಿ ಹೊಳೆಗೆ ಇಳಿಯುತ್ತಾರೆ. ಆಮೇಲೆ ಬರುವ ಸುದ್ದಿ ಯಾವ ಮನೆಗೂ ಬೇಡ. ಕಾರಂತರ ಬಾಲವನದಲ್ಲಿ ಈಜುಕೊಳವಿದೆ. ಎಲ್ಲರೂ ಮಕ್ಕಳನ್ನು ದಿನವೂ ಪುತ್ತೂರಿಗೆ ಕರಕೊಂಡು ಹೋಗಲಿಕ್ಕೆ ಆಗುತ್ತದಾ?

ಆದ್ದರಿಂದ ನಮ್ಮ ಸೂಚನೆ ಇಷ್ಟು. ಈ ಬೇಸಗೆಯಲ್ಲಿ ಮನೆಗೊಬ್ಬರಂತೆ ಶ್ರಮದಾನ ಮಾಡಿ ಹೂಳೆತ್ತೋಣ. ಆ ಮಣ್ಣು ತೋಟಕ್ಕೇ ಆಯಿತು. ಏರಿ, ತೂಬು ಗಟ್ಟಿ ಮಾಡೋಣ. ಒಂದು ಮೂಲೆಯಲ್ಲಿ ಆಳ ಕಡಿಮೆ ಇಟ್ಟು, ಬೇಲಿ ಹಾಕಿ, ಈಜು ಬಲ್ಲವರ ಕಣ್ಣೆದುರಿನಲ್ಲೇ ಮಕ್ಕಳು ಕಲಿಯಲಿ. ಎರಡು ಮಳೆಗಾಲ ನೀರು ನಿಂತು ಕೆಳಗಿನ ಬಾವಿಗಳ ಮಟ್ಟ ಏರಿದರೆ, ದೋಣಿಯ ಮಾತನ್ನು ಮಹಾಸಭೆಯಲ್ಲೇ ತೀರ್ಮಾನಿಸೋಣ.

ಸಹಕಾರವೆಂದರೆ ಸಾಲದ ಪುಸ್ತಕ ಮಾತ್ರ ಅಲ್ಲ. ಒಬ್ಬರಿಂದ ಆಗದ ಏರಿಯನ್ನು ಹತ್ತು ಮನೆಯವರು ಸೇರಿ ಕಟ್ಟಿದ್ದೂ ಸಹಕಾರವೇ.