ಪಕ್ಕದಲ್ಲಿ ಕೂತು ಕಂಡದ್ದು



ಬೇರೆ ಬೇರೆ ಊರಲ್ಲಿರುವವರು ಸೇರಿ ಒಂದೇ ವಿಡಿಯೋ ಎಡಿಟ್ ಮಾಡುವ ಆ್ಯಪ್ ಒಂದನ್ನು ಹೊಸದಾಗಿ ರೂಪಿಸುವುದು ನನ್ನ ಕೆಲಸವಾಗಿತ್ತು. ಇಬ್ಬರು ಏಕಕಾಲಕ್ಕೆ ಕತ್ತರಿಸಬಹುದು ಎಂಬುದೇ ನಮ್ಮ ಹೆಮ್ಮೆ. ಜನ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ.

ಕೊನೆಗೆ ಬಳಸುವವರ ಪಕ್ಕದಲ್ಲೇ ಹೋಗಿ ಕೂತೆ. ಅವರು ಅನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಬೇಕು, ನಾವು ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದೇ ಕಷ್ಟ! ಐದು ಜನರನ್ನು ನೋಡಿದರೆ ತೊಡಕುಗಳಲ್ಲಿ ಬಹುಪಾಲು ಕಾಣುತ್ತವೆ ಎಂದು ತಜ್ಞ ಯಾಕೊಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ನನಗೆ ಮೂರನೆಯವರಲ್ಲೇ ಸಿಕ್ಕಿತು. ಮದುವೆ ವಿಡಿಯೋ ಮಾಡುವವರು ಅವರು. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂದು ಪ್ರತಿಗಳ ಸಾಲೇ ಇತ್ತು. ಯಾಕೆ ಎಂದೆ. “ಅವನು ಅನ್‌ಡೂ ಒತ್ತಿದರೆ ನಾನು ಮಾಡಿದ್ದು ಹೋಗುತ್ತಲ್ಲ ಸಾರ್!”

ಹೌದು, ಹೋಗುತ್ತಿತ್ತು. ಎರಡನೇ ನಿಮಿಷದಲ್ಲಿ ‘ಇಲ್ಲಿ ಹಾಡು ಬೇಡ’ ಎಂದು ಬರೆದಿಟ್ಟರೆ, ಯಾರಾದರೂ ಶುರುವಿನ ಹತ್ತು ಸೆಕೆಂಡು ಕತ್ತರಿಸಿದೊಡನೆ ಆ ಟಿಪ್ಪಣಿ ಬೇರೆ ದೃಶ್ಯದ ಮೇಲೆ ಹೋಗಿ ಕೂರುತ್ತಿತ್ತು. ಸೆಕೆಂಡಿಗೆ 25 ಫ್ರೇಮ್ ಎಂದರೆ 250 ಫ್ರೇಮಿನಷ್ಟು ಆಚೆ. ನಮಗೆ ನಾಚಿಕೆಯಾಯಿತು. ಅನ್‌ಡೂ ಅವರವರ ಕೆಲಸಕ್ಕಷ್ಟೇ, ಟಿಪ್ಪಣಿ ಗಡಿಯಾರಕ್ಕಲ್ಲ, ದೃಶ್ಯಕ್ಕೇ ಅಂಟಿರಬೇಕು ಎಂದು ಬದಲಿಸಿದೆವು. ತಿಂಗಳುಗಟ್ಟಲೆ ಬರೆದ ಕೋಡ್ ಅರ್ಧ ಕಸವಾಯಿತು.

ನಮ್ಮ ವಿಜ್ಞಾನದ ಮೇಷ್ಟ್ರು ಪಿಪೆಟ್ ಹಿಡಿದ ನಮ್ಮ ಕೈ ನಡುಗುತ್ತಿದ್ದರೂ ಸುಮ್ಮನೆ ನಿಂತು ನೋಡುತ್ತಿದ್ದರು. ಆಗ ಅದು ಅವರ ಸೋಮಾರಿತನ ಅಂದುಕೊಂಡಿದ್ದೆ, ಕ್ಷಮಿಸಿ ಸಾರ್.

ನಿನ್ನೆ ಸಂಜೆ ಈ ಸುವರ್ಣ ಮಹೋತ್ಸವದ ವಿಡಿಯೋ ಮಾಡುತ್ತಿದ್ದ ಹತ್ತನೇ ತರಗತಿಯ ಮಕ್ಕಳು ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಬೆಂಚಿನ ತುದಿಯಲ್ಲಿ ಕೂತು ನೋಡಿದೆ. ಏನೂ ಹೇಳಲಿಲ್ಲ.