ಮಹಾವೀರಾಚಾರ್ಯನ ಹಾರವೂ ನಮ್ಮ ಮಕ್ಕಳ ಲೆಕ್ಕವೂ

(ಮಂಗಲ್ಪಾಡಿಯಲ್ಲಿ ಕನ್ನಡ ಮಾಧ್ಯಮ ಮಕ್ಕಳ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



"ಪಾಠ, ಪದ್ಯ ಕನ್ನಡದಲ್ಲಿರಲಿ, ಲೆಕ್ಕಕ್ಕಾದರೂ ಇಂಗ್ಲಿಷ್ ಬೇಡವೇ?" ಎಂದು ನಿಮ್ಮಲ್ಲಿ ಹಲವರು ಕೇಳುವುದುಂಟು. ಇದು ಮಕ್ಕಳ ಭವಿಷ್ಯದ ಚಿಂತೆ, ತಳ್ಳಿಹಾಕುವಂಥದ್ದಲ್ಲ. ಉತ್ತರವಾಗಿ ಒಂದು ಸಂಖ್ಯೆಯನ್ನು ನಿಮ್ಮ ಮುಂದಿಡುತ್ತೇನೆ: 12345654321. ಅಂದರೆ 1234 ಕೋಟಿ 56 ಲಕ್ಷದ 54 ಸಾವಿರದ 321. ಎಡದಿಂದ ಓದಿದರೂ ಬಲದಿಂದ ಓದಿದರೂ ಅಂಕಿಗಳು ಒಂದೇ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. 27994681ನ್ನು 441ರಿಂದ ಗುಣಿಸುವ ಲೆಕ್ಕ ಅದರಲ್ಲಿದೆ. ಗುಣಲಬ್ಧ ನಮ್ಮ ಈ ಸಂಖ್ಯೆಯೇ. ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಹಾರ ಮೂಡಿದ್ದು ಹೇಗೆ? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದ್ದರಿಂದ ನಮ್ಮ ಸಂಖ್ಯೆ 111111ರ ವರ್ಗ. ಈ 111111ನ್ನು ಬಿಡಿಸಿದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ. ಹಾರದಲ್ಲಿ ಒಂದೊಂದೂ ಎರಡೆರಡು ಸಲ ಇದೆ, ಬೇರೆ ಯಾವುದೂ ಇಲ್ಲ.

ಇದು 9ರಿಂದ ಭಾಗವಾಗುತ್ತದೆಯೇ? ಅಂಕಿಗಳನ್ನು ಕೂಡಿಸಿ: 36. ಅದು 9ರ ಮಗ್ಗಿಯಲ್ಲಿದೆ, ಹಾಗಾಗಿ ಭಾಗವಾಗುತ್ತದೆ. ಈ ನಿಯಮವನ್ನು ಮಕ್ಕಳು ಬಾಯಿಪಾಠ ಹೇಳಬಲ್ಲರು. ಆದರೆ "ಯಾಕೆ?" ಎಂದು ಕೇಳಿ ನೋಡಿ. 234 ಅಡಿಕೆಗಳಿವೆ ಎನ್ನೋಣ. ಪ್ರತಿ ನೂರರಲ್ಲಿ 99 ತೆಗೆದರೆ ಒಂದು ಉಳಿಯುತ್ತದೆ. ಎರಡು ನೂರಕ್ಕೆ ಎರಡು. ಪ್ರತಿ ಹತ್ತರಲ್ಲಿ 9 ತೆಗೆದರೆ ಒಂದು. ಮೂರು ಹತ್ತಕ್ಕೆ ಮೂರು. ಬಿಡಿ ನಾಲ್ಕು. ಉಳಿದದ್ದು ಒಟ್ಟು 9, ಅದೂ ಭಾಗವಾಗುತ್ತದೆ. ತೆಗೆದವೆಲ್ಲ ಮೊದಲೇ 9ರ ಗುಂಪುಗಳು. ನಿಯಮದ ಗುಟ್ಟು ಇಷ್ಟೇ.

ಈ "ಯಾಕೆ" ಎಂಬುದೇ ಗಣಿತ. ಅಂಕಿಗಳಿಗೆ ಭಾಷೆಯಿಲ್ಲ, ಕಾರಣಕ್ಕೆ ಭಾಷೆ ಬೇಕು. ತಾನು ಕಲಿಯುವ ಭಾಷೆಯನ್ನು ಅರಿಯದ ಅಧ್ಯಾಪಕರ ಮುಂದೆ ಕುಳಿತ ಮಗು ಹಲಗೆಯ ಅಂಕಿಗಳನ್ನು ನಕಲು ಮಾಡೀತು, ಪ್ರಶ್ನೆ ಕೇಳಲಾರದು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350 ಎ ವಿಧಿ ಹೇಳುವುದರ ಅರ್ಥ ಇಲ್ಲಿದೆ. ಕನ್ನಡ ಮಾಧ್ಯಮದ ಗಣಿತಕ್ಕೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಕೇಳುವುದು ಹಟವಲ್ಲ.

ಗಣಿತಕ್ಕೆ ಕನ್ನಡ ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದನು. ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಪದಗಳನ್ನು ಕಲಿಯಬೇಕು, ನಿಜ. ವಿಷಯ ತಿಳಿದವನಿಗೆ ಹೆಸರು ಬದಲಾಯಿಸಿಕೊಳ್ಳುವುದು ಕೆಲವು ತಿಂಗಳ ಶ್ರಮ.

ನಿಮ್ಮ ಮನೆಮಾತು ತುಳುವಿರಲಿ, ಕೊಂಕಣಿ, ಬ್ಯಾರಿ, ಮರಾಠಿಯಿರಲಿ, ಇಂದು ರಾತ್ರಿ ಮಗುವನ್ನು ಹತ್ತಿರ ಕುಳ್ಳಿರಿಸಿ 111111ನ್ನು ಅದರಿಂದಲೇ ಗುಣಿಸಲು ಹೇಳಿ. ಹಾರ ಮೂಡಿದ ಮೇಲೆ "ಯಾಕೆ ಹೀಗಾಯಿತು?" ಎಂದು ಕೇಳಿ. ಉತ್ತರ ತಡವಾದರೂ ಕಾಯಿರಿ.